ಬೇಸಿಗೆ ರಜೆಗೆ ಮಗು ಕೈಗೊಂದು ಪುಸ್ತಕ: ಕಣ್ಣು ಕಾಣದ, ಕೈಗೆ ಹಿಡಿತ ಇಲ್ಲದ ಮಕ್ಕಳ ಮನೇಲಿ ಏನೇನು ಮಾಡ್ಬಹುದು

ಏಪ್ರಿಲ್ ಎರಡನೇ ವಾರ ಸ್ಕೂಲಿಗೆ ರಜೆ ಕೊಟ್ರೆ ಮತ್ತೆ ಬಾಗ್ಲು ತೆಗೆಯೋದು ಮೇ ಕೊನೆಗೆ. ನಮ್ಮಕ್ಕನ ಮಗಳು ಪುಟ್ಟಿಗೆ ಹುಟ್ಟಿನಿಂದ ಕಣ್ಣು ಕಾಣಲ್ಲ, ಹಾಸ್ಟೆಲ್ಲಲ್ಲಿದ್ದು ಓದ್ತಾಳೆ. ಮೂರನೇ ಕ್ಲಾಸ್ ಮುಗಿಸಿ ರಜೆಗೆ ಬಂದಾಗ ಅವಳ ಬ್ಯಾಗಲ್ಲಿ ಇದ್ದದ್ದು ಒಂದೇ ಒಂದು ಬ್ರೈಲ್ ಪುಸ್ತಕ, ಅದೂ ಕನ್ನಡ ಪಾಠದ್ದು, ಅರ್ಧ ಭಾಗ ಮಾತ್ರ. ಉಳಿದಿದ್ದೆಲ್ಲ ಸ್ಕೂಲ್ ಬೀರುವಲ್ಲಿ ಬೀಗ ಹಾಕ್ಕೊಂಡು ಕೂತಿತ್ತು. ಪಾಪ ಅದನ್ನೇ ಎಷ್ಟು ಸಲ ಓದಿದ್ಲೋ, ಕೊನೆಗೆ ಬಾಯಿಪಾಠ ಆಗಿ ಬೆರಳು ಇಡದೇನೇ ಹೇಳ್ತಿದ್ಲು. ನಾನು ದಿನಾ ಸಾಯಂಕಾಲ ಕಥೆ ಓದಿ ಹೇಳ್ತಿದ್ದೆ, ಅದೇ ದೊಡ್ಡ ಉಪಕಾರ ಅನ್ಕೊಂಡಿದ್ದೆ. ಒಂದಿನ ಅವಳೇ ಕೇಳಿದ್ಲು, "ಚಿಕ್ಕಮ್ಮ, ನೀವು ಓದಿದ್ರೆ ನಿಮಗೆ ಸಾಕಾದಾಗ ನಿಲ್ಲುತ್ತೆ, ನಂಗೆ ಸಾಕಾದಾಗ ನಿಲ್ಲೋ ಪುಸ್ತಕ ಇಲ್ವಾ?"

ಆ ಮಾತು ಆದ್ಮೇಲೆ ಐದು ಬೇಸಿಗೆ ಕಳೆದಿದೆ. ಪಕ್ಕದ ಮನೆ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಕಣ್ಣು ಚೆನ್ನಾಗಿದೆ, ಆದ್ರೆ ಕೈ ಮಾತು ಕೇಳಲ್ಲ, ಹಾಳೆ ತಿರುಗ್ಸೋಕೆ ಹೋದ್ರೆ ನಾಲ್ಕು ಹಾಳೆ ಒಟ್ಟಿಗೆ ಮುದ್ದೆ ಆಗುತ್ತೆ. ಅವನೂ ರಜೆ ಬಂದ್ರೆ ನಮ್ಮನೇಲೇ ಇರ್ತಾನೆ. ಇಬ್ರ ಜೊತೆ ಮಾಡಿ ನೋಡಿ ಏನು ಉಪಯೋಗಕ್ಕೆ ಬಂತೋ ಅದನ್ನ ಬರೀತಿದೀನಿ. ಗುರಿ ಒಂದೇ, ಮಗು ಯಾರನ್ನೂ ಕರೀದೆ ತಾನೊಬ್ಬನೇ ಕೂತು ಓದೋ ಹಾಗೆ ಮಾಡೋದು. ಬೇಡ ಅನ್ಸಿದ್ರೆ ಅರ್ಧಕ್ಕೆ ಬಿಡೋ ಹಾಗೆ, ಇಷ್ಟ ಆಗಿದ್ದನ್ನ ಹತ್ತು ಸಲ ಓದೋ ಹಾಗೆ.

ಮೊದಲನೇ ಕೆಲಸ ರಜೆ ಶುರುವಾದ್ಮೇಲೆ ಮಾಡೋದಲ್ಲ, ಮಾರ್ಚಲ್ಲೇ ಮಾಡ್ಬೇಕು. ಪರೀಕ್ಷೆ ನಡೀತಿರೋವಾಗ್ಲೇ ಸ್ಕೂಲಿಗೆ ಹೋಗಿ ರಜೆಗೆ ಬ್ರೈಲ್ ಕಥೆಪುಸ್ತಕ ಕಳಿಸ್ತೀರಾ ಅಂತ ಕೇಳಿ. ಬಾಯಲ್ಲಿ ಕೇಳಿದ್ರೆ ಮರೆತುಹೋಗುತ್ತೆ, ಒಂದು ಹಾಳೇಲಿ ಬರ್ಕೊಡಿ. ಸಾಮಾನ್ಯ ಸರ್ಕಾರಿ ಶಾಲೇಲಿ ಓದೋ ಮಗು ಆದ್ರೆ ನಿಮ್ಮ ಬ್ಲಾಕಿನ ಬಿಐಇಆರ್‌ಟಿ ಟೀಚರನ್ನ, ಅಂದ್ರೆ ಅಂಗವೈಕಲ್ಯ ಇರೋ ಮಕ್ಕಳಿಗೆ ಅಂತಲೇ ಇರೋ ಟೀಚರನ್ನ ಹಿಡೀರಿ, ಬ್ಲಾಕ್ ಸಂಪನ್ಮೂಲ ಕೇಂದ್ರ ಅಂದ್ರೆ ಬಿಆರ್‌ಸಿಲಿ ಸಿಗ್ತಾರೆ. ಹಳ್ಳಿ ಕಡೆ ಆದ್ರೆ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಅಂದ್ರೆ ವಿಆರ್‌ಡಬ್ಲ್ಯುಗೆ ಒಂದು ಫೋನ್ ಮಾಡಿ, ಯುಡಿಐಡಿ ಅನ್ನೋ ಅಂಗವೈಕಲ್ಯದ ಗುರುತಿನ ಕಾರ್ಡ್ ಆಗಿಲ್ಲ ಅಂದ್ರೆ ಅವರೇ ದಾರಿ ಹೇಳ್ತಾರೆ, ಆ ಕಾರ್ಡು ಮುಂದೆ ಲೈಬ್ರರಿ ಮೆಂಬರ್‌ಶಿಪ್ಪಿಗೂ ಉಪಯೋಗಕ್ಕೆ ಬರುತ್ತೆ.

ಬ್ರೈಲ್ ಪುಸ್ತಕ ದಪ್ಪ. ನಮಗೆ ಅಂಗೈ ಅಗಲದ ಒಂದು ಕಥೆಪುಸ್ತಕ, ಬ್ರೈಲಲ್ಲಿ ಮೂರು ನಾಲ್ಕು ದೊಡ್ಡ ಸಂಪುಟ ಆಗ್ಬಹುದು, ಬಸ್ಸಲ್ಲಿ ಹೊತ್ಕೊಂಡು ಬರೋದು ಹಿಂಸೆ. ತುಂಬಾ ಜನಕ್ಕೆ ಗೊತ್ತಿಲ್ಲದ ವಿಷ್ಯ ಅಂದ್ರೆ ಅಂಚೆ ಇಲಾಖೆಲಿ ಅಂಧರ ಸಾಹಿತ್ಯ ಅಂತ ಬೇರೆ ವಿಭಾಗಾನೇ ಇದೆ, 7 ಕೆಜಿವರೆಗಿನ ಬ್ರೈಲ್ ಪಾರ್ಸಲ್ ಮಾಮೂಲಿ ಅಂಚೇಲಿ ಫ್ರೀ ಆಗಿ ಹೋಗುತ್ತೆ, ಸ್ಟಾಂಪ್ ಹಚ್ಚಬೇಕಾಗಿಲ್ಲ. ಮೇಲೆ ಬ್ಲೈಂಡ್ ಲಿಟರೇಚರ್ ಅಂತ ದೊಡ್ಡದಾಗಿ ಬರೀಬೇಕು, ಬಿಚ್ಚಿ ನೋಡೋಕೆ ಬರೋ ಹಾಗೆ ಕಟ್ಟಬೇಕು, ಅಂಟು ಹಾಕಿ ಸೀಲ್ ಮಾಡ್ಬಾರ್ದು. ಕೌಂಟರಲ್ಲಿ ಇರೋರಿಗೇ ಕೆಲವು ಸಲ ಗೊತ್ತಿರಲ್ಲ, ತಾಳ್ಮೆಯಿಂದ ಪೋಸ್ಟ್‌ಮಾಸ್ಟರ್ ಹತ್ರ ಹೋಗಿ ಕೇಳಿ. ಮನೆಗೆ ಬಂದ್ಮೇಲೆ ಆ ಪುಸ್ತಕಗಳನ್ನ ಒಂದರ ಮೇಲೊಂದು ಪೇರಿಸಿ ಇಡ್ಬೇಡಿ, ಭಾರಕ್ಕೆ ಚುಕ್ಕಿ ಚಪ್ಪಟೆ ಆಗಿ ಓದೋಕೆ ಬರಲ್ಲ, ಯಾವಾಗ್ಲೂ ನಿಲ್ಲಿಸಿ ಇಡ್ಬೇಕು.

ಎರಡನೇದು ಸುಗಮ್ಯ ಪುಸ್ತಕಾಲಯ. ಇದು ಆನ್‌ಲೈನ್ ಲೈಬ್ರರಿ, ಕೇಂದ್ರ ಸರ್ಕಾರ ಮತ್ತೆ ಇಂಥ ಓದುಗರಿಗೆ ಪುಸ್ತಕ ಮಾಡೋ ಸಂಸ್ಥೆಗಳ ಒಕ್ಕೂಟ ಡೈಸಿ ಫೋರಮ್ ಆಫ್ ಇಂಡಿಯಾ ಸೇರಿ 2016ರ ಆಗಸ್ಟಲ್ಲಿ ಶುರು ಮಾಡಿದ್ದು. ಕಣ್ಣು ಕಾಣದವರಿಗೆ ಮಾತ್ರ ಅನ್ಕೋಬೇಡಿ, ಅಚ್ಚಾದ ಪುಸ್ತಕ ಓದೋಕಾಗದ ಯಾರಿಗಾದ್ರೂ, ಅಂದ್ರೆ ಪುಸ್ತಕ ಹಿಡಿಯೋಕೆ ಹಾಳೆ ತಿರುಗ್ಸೋಕೆ ಆಗದ ಮಕ್ಕಳಿಗೂ ಇದೆ. ಆ ಫೋರಮ್ಮಿನ ಸದಸ್ಯ ಸಂಸ್ಥೆ ಯಾವುದಾದ್ರೂ ಒಂದರ ಮೂಲಕ ಹೆಸರು ಬರೆಸ್ಬೇಕು, ಅಂಗವೈಕಲ್ಯದ ಸರ್ಟಿಫಿಕೇಟ್ ಕೇಳ್ತಾರೆ, ಪೇಪರ್ ಎಲ್ಲ ಚೆಕ್ ಆಗಿ ಲಾಗಿನ್ ಬರೋಕೆ ಸಮಯ ಹಿಡಿಯುತ್ತೆ, ಅದಕ್ಕೇ ಮಾರ್ಚ್ ಅಂದಿದ್ದು. ಕನ್ನಡದ್ದೂ ಸಿಗುತ್ತೆ, ಇಂಗ್ಲಿಷ್ ಹಿಂದಿಯಷ್ಟು ಇಲ್ಲ, ಅದು ನಂಗೆ ನಿಜವಾಗ್ಲೂ ಬೇಜಾರಿನ ವಿಷ್ಯ. ಬೆಂಗಳೂರಲ್ಲಿ ಮಧು ಸಿಂಘಾಲ್ ಅವರು 1990ರಲ್ಲಿ ಶುರು ಮಾಡಿದ ಮಿತ್ರ ಜ್ಯೋತಿ ಇದೆ, ಅವರೂ ಕಣ್ಣು ಕಾಣದವರೇ, ಅಲ್ಲಿ ಟಾಕಿಂಗ್ ಬುಕ್ ಲೈಬ್ರರಿ ಇದೆ, ಬ್ರೈಲ್ ಮಾಡಿಕೊಡೋ ವಿಭಾಗಾನೂ ಇದೆ, ಒಂದ್ಸಲ ವಿಚಾರಿಸಿ.

ಡೈಸಿ ಅಂದ್ರೆ ಏನೋ ಅಂತ ಗಾಬರಿ ಬೇಡ, ಅದು ಕಿವಿಲಿ ಕೇಳೋ ಪುಸ್ತಕದ ಒಂದು ಬಗೆ. ಮಾಮೂಲಿ ಆಡಿಯೋ ಫೈಲಲ್ಲಿ ಮಗು ಕೇಳ್ತಾ ನಿದ್ದೆ ಹೋಯ್ತು ಅಂದ್ರೆ ಮಾರನೇ ದಿನ ಎಲ್ಲಿದ್ದೆ ಅಂತ ಹುಡುಕೋದೇ ಕೆಲಸ, ಡೈಸಿ ಪುಸ್ತಕದಲ್ಲಿ ಅಧ್ಯಾಯಕ್ಕೆ ಹಾರ್ಬಹುದು, ಪುಟಕ್ಕೆ ಹಾರ್ಬಹುದು, ಗುರುತು ಇಡ್ಬಹುದು. ಪುಟದ ಮೂಲೆ ಮಡಚಿ ಇಡ್ತೀವಲ್ಲ ನಾವು, ಆ ಸುಖ ಅದರಲ್ಲಿದೆ.

ಈಗ ಫೋನು. ಹಳೇ ಆಂಡ್ರಾಯ್ಡ್ ಫೋನ್ ಒಂದನ್ನ ಮಗುಗೇ ಅಂತ ಬಿಟ್ಬಿಡಿ, ಸಿಮ್ ಬೇಡ. ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಅಕ್ಷರವನ್ನ ಓದಿ ಹೇಳೋ ಟೆಕ್ಸ್ಟ್ ಟು ಸ್ಪೀಚ್ ಹುಡುಕಿ, ಗೂಗಲ್ ಇಂಜಿನ್ ಆರಿಸಿ, ಕನ್ನಡ ಧ್ವನಿ ಡೌನ್‌ಲೋಡ್ ಮಾಡಿಡಿ, ಆಮೇಲೆ ನೆಟ್ ಇಲ್ಲದಿದ್ರೂ ಓದುತ್ತೆ, ಅಜ್ಜಿ ಊರಲ್ಲಿ ಸಿಗ್ನಲ್ ಇಲ್ದೆ ಇದ್ದಾಗ ಇದೇ ನಮ್ಮನ್ನ ಕಾಪಾಡಿದ್ದು. ಪೂರ್ತಿ ಕಣ್ಣು ಕಾಣದ ಮಗುಗೆ ಟಾಕ್‌ಬ್ಯಾಕ್ ಆನ್ ಮಾಡಿ, ಬೆರಳಾಡಿಸಿದ ಕಡೆ ಏನಿದೆ ಅಂತ ಹೇಳುತ್ತೆ, ಎರಡು ಸಲ ತಟ್ಟಿದ್ರೆ ತೆರೆಯುತ್ತೆ. ನೀವು ಮೊದಲು ಕಣ್ಣು ಮುಚ್ಕೊಂಡು ಒಂದು ದಿನ ಅಭ್ಯಾಸ ಮಾಡಿ ಆಮೇಲೆ ಹೇಳಿಕೊಡಿ, ಇಲ್ಲಾಂದ್ರೆ "ಅಲ್ಲಿ ಒತ್ತು, ಇಲ್ಲಿ ಒತ್ತು" ಅಂತೀರ, ಅಲ್ಲಿ ಇಲ್ಲಿ ಅನ್ನೋದು ಮಗುಗೆ ಏನು ಗೊತ್ತಾಗ್ಬೇಕು ಹೇಳಿ. ಓದೋ ವೇಗ ಮೊದಲು ನಿಧಾನ ಇಡಿ, ಮಗು ತಾನೇ ಜಾಸ್ತಿ ಮಾಡ್ಕೊಳ್ಳುತ್ತೆ. ನಮ್ಮ ಪುಟ್ಟಿ ಈಗ ಓಡಿಸೋ ಸ್ಪೀಡಿಗೆ ನಂಗೆ ಒಂದಕ್ಷರ ತಿಳಿಯಲ್ಲ. ಮನೇಲಿ ಕಂಪ್ಯೂಟರ್ ಇದ್ರೆ ಪರದೆ ಮೇಲಿರೋದನ್ನ ಓದಿ ಹೇಳೋ ಎನ್‌ವಿಡಿಎ ಹಾಕಿ, ದುಡ್ಡಿಲ್ಲ, ಕನ್ನಡ ಓದುತ್ತೆ, ಆಸ್ಟ್ರೇಲಿಯಾದ ಕಣ್ಣು ಕಾಣದ ಇಬ್ಬರು ಗೆಳೆಯರು 2006ರಲ್ಲಿ ಶುರು ಮಾಡಿದ ಸಾಫ್ಟ್‌ವೇರ್ ಅದು.

ಎಲ್ರೂ ಎಡವೋ ಜಾಗ ಒಂದಿದೆ, ಪಿಡಿಎಫ್. ಯಾರೋ ವಾಟ್ಸಾಪಲ್ಲಿ ನೂರು ಕನ್ನಡ ಮಕ್ಕಳ ಪುಸ್ತಕದ ಪಿಡಿಎಫ್ ಕಳಿಸ್ತಾರೆ, ಖುಷಿಯಿಂದ ಮಗು ಫೋನಿಗೆ ಹಾಕ್ತೀರ, ಫೋನು ಬಾಯೇ ಬಿಡಲ್ಲ, ಇಲ್ಲಾಂದ್ರೆ ಏನೇನೋ ಇಂಗ್ಲಿಷ್ ಅಕ್ಷರ ಗೊಣಗುತ್ತೆ. ಬಾಯಿ ಬಿಡದಿದ್ರೆ ಅದು ಬರೀ ಫೋಟೋ, ಒಳಗೆ ಅಕ್ಷರ ಇಲ್ಲ. ಗೊಣಗಿದ್ರೆ ಅದು ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಮಾಡಿದ್ದು, ನಮ್ಮ ಕಣ್ಣಿಗೆ ಕನ್ನಡ, ಫೋನಿಗೆ ಅದು ಕನ್ನಡ ಅಲ್ಲ. ಎಲ್ಲಾ ಫೋನು ಕಂಪ್ಯೂಟರಿಗೂ ಅರ್ಥ ಆಗೋ ಯೂನಿಕೋಡ್ ಅಕ್ಷರದಲ್ಲಿ ಇದ್ರೆ ಮಾತ್ರ ಓದುತ್ತೆ. ಪರೀಕ್ಷೆ ಮಾಡೋದು ಸುಲಭ, ಒಂದು ಸಾಲು ಕಾಪಿ ಮಾಡಿ ಯಾರಿಗಾದ್ರೂ ಮೆಸೇಜಲ್ಲಿ ಪೇಸ್ಟ್ ಮಾಡಿ, ಕನ್ನಡವಾಗೇ ಬಂದ್ರೆ ಸರಿ. ನುಡಿ ಫೈಲನ್ನ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್‌ಗಳಿವೆ. ಫೋಟೋ ಪಿಡಿಎಫ್ ಆದ್ರೆ, ಅಥವಾ ಮನೇಲಿರೋ ಅಚ್ಚಾದ ಪುಸ್ತಕ ಆದ್ರೆ, ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸಲ್ಲಿ ತೆರೀರಿ, ಅಕ್ಷರ ಎತ್ತಿಕೊಡುತ್ತೆ. ಬೆಳಗ್ಗೆ ಕಿಟಕಿ ಬೆಳಕಲ್ಲಿ ತೆಗೀರಿ, ನಿಮ್ಮದೇ ನೆರಳು ಪುಟದ ಮೇಲೆ ಬೀಳದ ಹಾಗೆ, ಪುಸ್ತಕದ ಹೊಟ್ಟೆ ಉಬ್ಬದ ಹಾಗೆ ಒಂದೊಂದೇ ಪುಟ.

ಆಮೇಲೆ ಕೂತು ತಿದ್ದಲೇಬೇಕು, ಇದನ್ನ ಬಿಡ್ಬೇಡಿ. ಅರ್ಕಾವತ್ತು ನೋಡೋಕೆ ಕನ್ನಡ ಅಂಕಿ ಒಂಬತ್ತರ ಥರಾನೇ ಇರೋದ್ರಿಂದ ಮಷಿನ್ ಅದನ್ನ ಎಷ್ಟೋ ಸಲ ೯ ಅಂತ ತಗೊಳುತ್ತೆ, ಅನುಸ್ವಾರದ ಸೊನ್ನೆಯನ್ನ ಅಂಕಿ ಸೊನ್ನೆ ಮಾಡುತ್ತೆ. ನೋಡೋಕೆ ನಮಗೆ ವ್ಯತ್ಯಾಸಾನೇ ಕಾಣಲ್ಲ, ಸೂರ್ಯ ಅನ್ನೋದು ಸರಿಯಾಗೇ ಇದೆ ಅನ್ಸುತ್ತೆ, ಕೇಳೋ ಮಗುಗೆ ಮಾತ್ರ "ಸೂಯ ಒಂಬತ್ತು" ಅಂತ ಕೇಳ್ಸುತ್ತೆ. ನಾನು ಮಾಡೋದು ಏನಂದ್ರೆ ಫೈಲ್ ರೆಡಿಯಾದ್ಮೇಲೆ ಫೋನಲ್ಲಿ ಒಂದ್ಸಲ ಕೇಳ್ತೀನಿ, ತಪ್ಪೆಲ್ಲ ಕಿವಿಗೇ ಸಿಗುತ್ತೆ. ಹತ್ತು ಪುಟಕ್ಕೆ ಅರ್ಧ ಗಂಟೆ ಆಗ್ಬಹುದು, ಆಗ್ಲಿ.

ಹೀಗೆ ಪುಸ್ತಕ ಫೋಟೋ ತೆಗೆದು ಬದಲಾಯಿಸೋದು ಕಳ್ಳತನ ಅಲ್ವಾ ಅಂತ ನಮ್ಮ ಭಾವ ಕೇಳಿದ್ರು. ಅಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗಿ 52ನೇ ಸೆಕ್ಷನ್‌ಗೆ ಇದನ್ನ ಸೇರಿಸಿದಾರೆ, ಅಂಗವೈಕಲ್ಯ ಇರೋರ ಸ್ವಂತ ಓದಿಗೆ ಅಂತ, ಲಾಭ ಮಾಡ್ಕೊಳ್ದೆ, ಅವರಿಗೆ ಓದೋಕೆ ಬರೋ ರೂಪಕ್ಕೆ ಯಾರು ಬೇಕಾದ್ರೂ ಬದಲಾಯಿಸ್ಬಹುದು. ಇದೇ ವಿಷಯದ ಮರಾಕೇಶ್ ಒಪ್ಪಂದವನ್ನ 2014ರಲ್ಲಿ ಪ್ರಪಂಚದಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಹಾಗಂತ ಆ ಫೈಲನ್ನ ಎಲ್ಲಾ ಗ್ರೂಪಿಗೂ ಹಂಚ್ಬೇಡಿ, ಮಗುಗೆ ಮಾಡಿದ್ದು ಮಗು ಹತ್ರ, ಅಂಥದೇ ಇನ್ನೊಂದು ಮಗು ಹತ್ರ ಇರ್ಲಿ.

ಇಷ್ಟೆಲ್ಲ ಕಷ್ಟ ಬೇಡ ಈಗ್ಲೇ ಏನಾದ್ರೂ ಬೇಕು ಅನ್ನೋರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ, 2015ರಿಂದ ನಡೀತಿದೆ, ಕನ್ನಡದ ಕಥೆ ರಾಶಿ ಇದೆ, ಫ್ರೀ, ಕಥೆ ಮಟ್ಟ ಒಂದರಿಂದ ನಾಲ್ಕು ಅಂತ ವಿಂಗಡಿಸಿದಾರೆ, ಓದಿ ಹೇಳೋ ವಿಡಿಯೋಗಳೂ ಇವೆ. ಆದ್ರೆ ಚಿಕ್ಕ ಮಕ್ಕಳ ಪುಸ್ತಕದಲ್ಲಿ ಅರ್ಧ ಕಥೆ ಚಿತ್ರದಲ್ಲೇ ಇರುತ್ತೆ. ಅಕ್ಷರದಲ್ಲಿ "ಅಯ್ಯೋ!" ಅಂತಷ್ಟೇ ಇದ್ದು, ಬೆಕ್ಕು ಹಾಲಿನ ಪಾತ್ರೆ ಉರುಳಿಸಿದ್ದು ಚಿತ್ರದಲ್ಲಿ ಇರುತ್ತೆ, ಕಣ್ಣು ಕಾಣದ ಮಗುಗೆ ಅಯ್ಯೋ ಯಾಕೆ ಅಂತಾನೇ ತಿಳಿಯಲ್ಲ. ಅದಕ್ಕೆ ಪ್ರತಿ ಪುಟಕ್ಕೆ ಒಂದೆರಡು ಸಾಲು ಚಿತ್ರದ ವಿವರ ನೀವೇ ಫೋನಲ್ಲಿ ರೆಕಾರ್ಡ್ ಮಾಡಿ ಅಥವಾ ಫೈಲಲ್ಲಿ ಟೈಪ್ ಮಾಡಿ ಸೇರಿಸಿ. ಯಾರಿದ್ದಾರೆ, ಎಲ್ಲಿದ್ದಾರೆ, ಏನು ಮಾಡ್ತಿದ್ದಾರೆ, ಮುಖ ಹೇಗಿದೆ, ಇಷ್ಟು ಸಾಕು. "ತುಂಬಾ ಚೆನ್ನಾಗಿದೆ ಚಿತ್ರ" ಅಂದ್ರೆ ಮಗುಗೆ ಏನೂ ಕೊಟ್ಟ ಹಾಗಾಗಲ್ಲ. ಬಣ್ಣ ಬಿಡ್ಬೇಡಿ, ಹುಟ್ಟಿನಿಂದ ಕಾಣದ ಮಕ್ಕಳಿಗೂ ಬಣ್ಣದ ಮಾತು ಬೇಕು, ಕ್ಲಾಸಲ್ಲಿ ಬೇರೆ ಮಕ್ಕಳು ಅದನ್ನೇ ಮಾತಾಡ್ತಿರ್ತಾರೆ.

ರೆಕಾರ್ಡಿಂಗ್ ಅಂದಾಗ ನೆನಪಾಯ್ತು, ಅಜ್ಜಿ ತಾತನ ಕೈಲಿ ಓದಿಸಿ ಇಟ್ಕೊಳ್ಳಿ. ಒಂದು ಅಧ್ಯಾಯಕ್ಕೆ ಒಂದು ಫೈಲು, ಶುರುವಲ್ಲೇ ಪುಸ್ತಕದ ಹೆಸರು, ಅಧ್ಯಾಯ ಯಾವುದು ಅಂತ ಹೇಳಿಸಿ. ಫ್ಯಾನ್ ಆಫ್ ಮಾಡ್ಬೇಕು, ಸೆಖೆ ಆಗುತ್ತೆ ನಿಜ, ಬೆಳಗ್ಗೆ ಆರು ಗಂಟೆಗೆ ಕೂರಿಸಿ.

ಕೇಳೋದು ಓದೇ, ಅದರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಬರೀ ಕೇಳಿಸಿ ಬ್ರೈಲ್ ಬಿಟ್ಬಿಟ್ರೆ ಮಗುಗೆ ಕಾಗುಣಿತ ಹೋಗುತ್ತೆ, ಒತ್ತಕ್ಷರ ಎಲ್ಲಿ ಬರುತ್ತೆ, ದೀರ್ಘ ಎಲ್ಲಿ ಅನ್ನೋದು ಬೆರಳಿಗೆ ಸಿಕ್ಕಿದ್ರೇ ಉಳಿಯೋದು. ರಜೇಲಿ ದಿನಾ ಇಪ್ಪತ್ತು ನಿಮಿಷನಾದ್ರೂ ಬ್ರೈಲ್ ಇರ್ಲಿ. ಅದಕ್ಕೆ ನೀವೂ ಸ್ವಲ್ಪ ಕಲೀಬೇಕು, ಕಷ್ಟ ಇಲ್ಲ, ಹೇಗೆ ಅಂತ ಹೇಳ್ತೀನಿ. ಮನೇಲಿ ಅಳಗುಳಿಮಣೆ ಇದ್ಯಾ? ಅದನ್ನ ಉದ್ದಕ್ಕೆ ನಿಮ್ಮೆದುರು ನಿಲ್ಲೋ ಹಾಗೆ ಇಟ್ಕೊಳ್ಳಿ, ಎಡಗಡೆ ಮೇಲಿನ ಮೂರು ಗುಳಿ ಒಂದು ಎರಡು ಮೂರು, ಬಲಗಡೆ ಮೇಲಿನ ಮೂರು ನಾಲ್ಕು ಐದು ಆರು, ಅಷ್ಟೇ, ಬ್ರೈಲ್ ಅಂದ್ರೆ ಈ ಆರು ಗುಳಿ. ಹುಣಸೆಬೀಜ ತಗೊಳ್ಳಿ. ಒಂದು ಮತ್ತೆ ಮೂರರಲ್ಲಿ ಬೀಜ ಹಾಕಿದ್ರೆ ಕ. ಒಂದು ಮೂರು ನಾಲ್ಕು ಮ. ಒಂದು ಎರಡು ಮೂರು ಲ. ಕಮಲ ಆಯ್ತು! ಕಿ ಬೇಕಾದ್ರೆ ಗುಡಿಸು ಮೇಲೆ ಹಾಕೋದಲ್ಲ, ಕ ಬರೆದು ಅದರ ಮುಂದೆ ಇ ಅಕ್ಷರ, ಅಂದ್ರೆ ಎರಡು ಮತ್ತೆ ನಾಲ್ಕು. 1951ರಲ್ಲಿ ಬಂದ ಭಾರತಿ ಬ್ರೈಲ್ ಪದ್ಧತಿ ಇದು, ಹಿಂದಿ ತಮಿಳು ಎಲ್ಲದಕ್ಕೂ ಕ ಇದೇ ಎರಡು ಚುಕ್ಕಿ. ಪುಟ್ಟಿ ನಂಗೆ ಹೀಗೇ ಕಲಿಸಿದ್ದು, ನಾನು ತಪ್ಪು ಹಾಕಿದ್ರೆ ಬೆರಳಾಡಿಸಿ ನೋಡಿ ಬೀಜ ತೆಗೆದು ನನ್ನ ಕೈಗೆ ಕೊಡ್ತಿದ್ಲು.

ಬರೆಯೋಕೆ ಬ್ರೈಲ್ ಸ್ಲೇಟು, ಅಂದ್ರೆ ಹಾಳೆ ಹಿಡಿಯೋ ಗುಳಿಗಳ ಪಟ್ಟಿ, ಮತ್ತೆ ಚುಚ್ಚೋ ಮೊಳೆಯಂಥ ಸ್ಟೈಲಸ್ ಸಾಕು. ಸ್ಲೇಟಲ್ಲಿ ಬಲದಿಂದ ಎಡಕ್ಕೆ ಕನ್ನಡಿ ಥರ ಚುಚ್ಚಬೇಕು, ಹಾಳೆ ಮಗುಚಿದಾಗ ಎಡದಿಂದ ಬಲಕ್ಕೆ ಸರಿಯಾಗಿ ಬರುತ್ತೆ. ಹಾಳೆ ದಪ್ಪ ಇರ್ಬೇಕು, ಹಳೇ ಕ್ಯಾಲೆಂಡರ್ ಬಿಸಾಕ್ಬೇಡಿ, ಅಕ್ಕಪಕ್ಕದವರದ್ದೂ ಕೇಳಿ ಇಸ್ಕೊಳ್ಳಿ. ಚಿತ್ರದ ಪುಸ್ತಕಕ್ಕೆ ಆಚೆಯದು ಕಾಣೋ ಪ್ಲಾಸ್ಟಿಕ್ ಓಎಚ್‌ಪಿ ಶೀಟಲ್ಲಿ ಬ್ರೈಲ್ ಚುಚ್ಚಿ ಸಾಲಿನ ಕೆಳಗೆ ಅಂಟಿಸಿದ್ರೆ ಅಣ್ಣ ಕಣ್ಣಲ್ಲಿ ಓದ್ತಾನೆ ತಂಗಿ ಬೆರಳಲ್ಲಿ ಓದ್ತಾಳೆ, ಒಂದೇ ಪುಸ್ತಕ. ಬೇಸಿಗೇಲಿ ಬೆರಳು ಬೆವರಿ ಹಾಳೆಗೆ ಅಂಟುತ್ತೆ, ಚುಕ್ಕಿ ತಿಳಿಯಲ್ಲ, ಕರಾವಳಿ ಕಡೆಯೋರಿಗೆ ಇದು ಇನ್ನೂ ಜಾಸ್ತಿ. ಬೆಳಗ್ಗೆ ತಂಪಿನ ಹೊತ್ತಲ್ಲಿ ಓದಿಸಿ, ಕೈ ಒರೆಸಿ ಚಿಟಿಕೆ ಪೌಡರ್ ಹಚ್ಚಿ. ಮಾವಿನಹಣ್ಣು ತಿಂದ ಕೈ ಮಾತ್ರ ಸೋಪ್ ಹಾಕಿ ತೊಳೆದೇ ಬರ್ಬೇಕು.

ಅಲ್ಪಸ್ವಲ್ಪ ಕಾಣೋ ಮಕ್ಕಳಿಗೆ ದೊಡ್ಡಕ್ಷರ. ಇಂಗ್ಲಿಷಿಗೆ 18 ಪಾಯಿಂಟ್ ಅಂತಾರೆ, ಕನ್ನಡಕ್ಕೆ ಅದು ಸಾಲಲ್ಲ, ಯಾಕಂದ್ರೆ ನಮ್ಮ ಒತ್ತಕ್ಷರ ಕೆಳಗೆ ಪುಟಾಣಿಯಾಗಿ ಕೂತಿರುತ್ತೆ, ರಾಷ್ಟ್ರ ಅನ್ನೋ ಪದ ಬರೆದು ನೋಡಿ, ಟ ಒತ್ತು ಅದರ ಬೆನ್ನಿಗೆ ರ ಒತ್ತು, ಮಗುಗೆ ಅದೊಂದು ಕಪ್ಪು ಉಂಡೆ. ನಾನು 26ರಿಂದ ಶುರು ಮಾಡಿ ಅಂತೀನಿ, ಸಾಲಿನ ನಡುವೆ ಎರಡರಷ್ಟು ಜಾಗ ಬಿಡಿ, ಹೊಳಪಿಲ್ಲದ ಹಾಳೇಲಿ ಪ್ರಿಂಟ್ ಹಾಕ್ಸಿ, ಫೋನಲ್ಲಾದ್ರೆ ಕಪ್ಪು ಹಿನ್ನೆಲೆಗೆ ಹಳದಿ ಅಕ್ಷರ, ಬಿಳಿಗೆ ಕಪ್ಪು ಎರಡೂ ತೋರಿಸಿ, ಯಾವುದು ಹಿತ ಅಂತ ಮಗುವೇ ಹೇಳ್ಲಿ.

ಈಗ ಪಕ್ಕದ ಮನೆ ಹುಡುಗನ ವಿಷ್ಯ. ಅವನಿಗೆ ಮೊದಲು ಪುಸ್ತಕ ಅಲ್ಲ, ಕೂರೋದು ಸರಿ ಮಾಡ್ಬೇಕಿತ್ತು. ಕಾಲು ಜೋತಾಡ್ತಿದ್ರೆ ಮೈ ಪೂರ್ತಿ ಬಿಗಿ ಹಿಡಿಯುತ್ತೆ, ಕಾಲ ಕೆಳಗೆ ಒಂದು ಮಣೆ ಇಟ್ಟು, ಬೆನ್ನಿಗೆ ದಿಂಬು ಕೊಟ್ಟ ಮೇಲೇನೇ ಕೈ ಸ್ವಲ್ಪ ಹತೋಟಿಗೆ ಬಂದಿದ್ದು. ಫಿಸಿಯೋಥೆರಪಿಯವರನ್ನ ಕೇಳಿ ನಿಮ್ಮ ಮಗುಗೆ ಯಾವ ಭಂಗಿ ಸರಿ ಅಂತ ತಿಳ್ಕೊಳ್ಳಿ. ಆಮೇಲೆ ವ್ಯಾಸಪೀಠ! ದೇವರ ಮನೇಲಿ ತಾತನದ್ದು ಸುಮ್ನೆ ಕೂತಿತ್ತು, ಅದರ ಮೇಲೆ ಪುಸ್ತಕ ಇಟ್ರೆ ಓರೆಯಾಗಿ ಕಣ್ಣಿನ ನೇರಕ್ಕೆ ಬರುತ್ತೆ, ಕೆಳಗೆ ಬೀರು ಶೆಲ್ಫಿಗೆ ಹಾಸ್ತೀವಲ್ಲ ಆ ರಬ್ಬರ್ ಮ್ಯಾಟಿನ ತುಂಡು ಹಾಕಿದ್ರೆ ಜಾರಲ್ಲ. ಪುಸ್ತಕದ ಬೆನ್ನು ಕತ್ತರಿಸಿ ಜೆರಾಕ್ಸ್ ಅಂಗಡೀಲಿ ಸ್ಪೈರಲ್ ಬೈಂಡಿಂಗ್ ಮಾಡ್ಸಿ, ತೆರೆದ ಪುಟ ತೆರೆದ ಹಾಗೇ ಇರುತ್ತೆ. ಹಾಳೆ ಹಾಳೆ ನಡುವೆ ಸಂದಿ ಬರೋಕೆ ಪಾತ್ರೆ ತೊಳೆಯೋ ಸ್ಪಂಜನ್ನ ಹುರಿಗಡಲೆಯಷ್ಟು ಚೂರು ಮಾಡಿ ಪ್ರತಿ ಹಾಳೆಯ ಮೂಲೆಗೆ ಅಂಟಿಸಿ, ಬೆರಳು ಸುಲಭವಾಗಿ ಒಳಗೆ ಹೋಗುತ್ತೆ. ಇಲ್ಲಾಂದ್ರೆ ಐಸ್‌ಕ್ರೀಂ ಕಡ್ಡಿ ಅಂಚಿಗೆ ಅಂಟಿಸಿ, ಒಂದೊಂದು ಒಂದೊಂದು ಎತ್ತರದಲ್ಲಿ, ಮುಷ್ಟಿಯಿಂದ ತಳ್ಳಿದ್ರೂ ತಿರುಗುತ್ತೆ.

ಕೈ ಸುತರಾಂ ಆಗಲ್ಲ ಅನ್ನೋ ಮಕ್ಕಳಿಗೆ ಫೋನ್ ಸ್ಟ್ಯಾಂಡಲ್ಲಿ ನಿಲ್ಸಿ, ಆಂಡ್ರಾಯ್ಡಲ್ಲಿ ಸ್ವಿಚ್ ಆಕ್ಸೆಸ್ ಅಂತಿದೆ, ಒಂದೇ ಒಂದು ಬಟನ್ ಒತ್ತೋಕಾದ್ರೆ ಸಾಕು, ಅದು ಕೈಯಲ್ಲೇ ಆಗ್ಬೇಕು ಅಂತಿಲ್ಲ, ಮೊಣಕೈ ಆಗ್ಬಹುದು ಕೆನ್ನೆ ಆಗ್ಬಹುದು, ಬ್ಲೂಟೂತ್ ಕೀಬೋರ್ಡಿನ ಸ್ಪೇಸ್ ಬಾರನ್ನೇ ಸ್ವಿಚ್ ಮಾಡ್ಕೋಬಹುದು.

ಒಂದು ಮಾತು ಇಲ್ಲಿ ಹೇಳ್ಲೇಬೇಕು. ಅವನು ಒಂದು ಹಾಳೆ ತಿರುಗ್ಸೋಕೆ ಒಂದು ನಿಮಿಷದ ಮೇಲೆ ತಗೋತಾನೆ. ಮೊದಲ ವರ್ಷ ನಾನು ಪಕ್ಕದಲ್ಲಿ ಕೂತು ತಡೀಲಾರ್ದೆ ಕೈ ಹಾಕಿ ತಿರುಗಿಸಿಬಿಡ್ತಿದ್ದೆ. ಒಂದಿನ ಪುಸ್ತಕ ಮುಚ್ಚಿ "ಆಂಟಿ, ನೀವೇ ಓದ್ಕೊಳ್ಳಿ" ಅಂದ. ನಂಗೆ ತುಂಬಾ ಬೇಜಾರಾಯ್ತು, ಅವನದ್ದು ಸರಿ. ಈಗ ಅವನು ಓದೋವಾಗ ನಾನು ಅಡುಗೆ ಮನೇಲಿರ್ತೀನಿ, ಕರೆದ್ರೆ ಮಾತ್ರ ಬರ್ತೀನಿ.

ದಿನಚರಿ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಮಕ್ಕಳು ಆರಿಸ್ಲಿ. ಐದು ಪುಸ್ತಕದ ಮೊದಲ ಪುಟ ಕೇಳಿಸಿ, ಒಂದನ್ನ ತಗೋ ಅನ್ನಿ. ನೀತಿಕಥೆ, ಸಾಧಕರ ಕಥೆ ಅಂತಾನೇ ತುಂಬ್ಬೇಡಿ, ಈ ಮಕ್ಕಳಿಗೂ ದೆವ್ವದ ಕಥೆ ಬೇಕು, ಕ್ರಿಕೆಟ್ ಬೇಕು, ನಗೆಹನಿ ಬೇಕು. ಓದಿ ಮುಗಿಸಿದ ತಕ್ಷಣ ಪ್ರಶ್ನೆ ಕೇಳಿ ಪರೀಕ್ಷೆ ಮಾಡ್ಬೇಡಿ. ವಾರಕ್ಕೊಂದ್ಸಲ ನಿಮ್ಮ ಪಂಚಾಯ್ತಿ ಅರಿವು ಕೇಂದ್ರಕ್ಕೆ, ಅಂದ್ರೆ ಪಂಚಾಯ್ತಿ ಲೈಬ್ರರಿಗೆ ಕರ್ಕೊಂಡು ಹೋಗಿ, ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ, ಅಲ್ಲಿ ಬೇರೆ ಮಕ್ಕಳು ಸಿಗ್ತಾರೆ. ಹೋಗೋಕೆ ಮುಂಚೆ ವೀಲ್‌ಚೇರ್ ಒಳಗೆ ಹೋಗುತ್ತಾ ಅಂತ ನೀವೊಬ್ರೇ ಹೋಗಿ ನೋಡ್ಕೊಂಡು ಬನ್ನಿ, ಮಗು ಮುಂದೆ ಮೆಟ್ಟಿಲ ಹತ್ರ ನಿಂತು ಏನು ಮಾಡೋದು ಅಂತ ಯೋಚ್ನೆ ಮಾಡೋ ಹಾಗಾಗ್ಬಾರ್ದು. ಅಮೆರಿಕದಲ್ಲಿರೋ ನಮ್ಮೋರಿಗೆ ಒಂದು ಮಾತು, ಅಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಅಂಧರ ಸೇವೆ 1931ರಲ್ಲಿ ದೊಡ್ಡವರಿಗೆ ಅಂತ ಶುರುವಾಗಿ, 1952ರಲ್ಲಿ ಮಕ್ಕಳಿಗೂ, 1966ರಲ್ಲಿ ಪುಸ್ತಕ ಹಿಡಿಯೋಕಾಗದವರಿಗೂ ಬಂತು, ನಿಮ್ಮ ರಾಜ್ಯದ ಲೈಬ್ರರೀಲಿ ಕೇಳಿ ಹೆಸರು ಬರೆಸಿ, ಕನ್ನಡದ್ದು ಮಾತ್ರ ಇಲ್ಲಿಂದ ಅಜ್ಜಿ ರೆಕಾರ್ಡ್ ಮಾಡಿ ಕಳಿಸ್ಬೇಕಾಗುತ್ತೆ.

ಮೇ ಮೂರನೇ ವಾರ ಬಂದಾಗ ಸ್ಕೂಲಿನ ಬ್ರೈಲ್ ಪುಸ್ತಕ ಎಣಿಸಿ ಕಟ್ಟಿಡಿ. ಜೊತೆಗೆ ಮುಂದಿನ ರಜೆಗೆ ಏನು ಬೇಕು ಅಂತ ಮಗು ಕೈಲೇ ಒಂದು ಚೀಟಿ ಬರೆಸಿ ಪಾರ್ಸಲ್ ಒಳಗೆ ಇಡಿ. ಪುಟ್ಟಿ ಹೋದ ವರ್ಷದ ಕ್ಯಾಲೆಂಡರ್ ಹಾಳೇಲಿ ಬರೆದಿದ್ದು ಎರಡೇ ಸಾಲು, "ಹಾವಿನ ಪುಸ್ತಕ ಬೇಕು. ಪೂರ್ತಿ ಬೇಕು, ಅರ್ಧ ಬೇಡ."